ಮರಿಯಪ್ಪ ರಾಯರಾಗಿದ್ದ ಕಾಲ

ಮಲ್ಲತ್ತಹಳ್ಳಿಯಲ್ಲಿ ನಾಟಕ ಕಲಿಸುವುದು ಬೇರೆ ಊರಿನಲ್ಲಿ ಕಲಿಸಿದಷ್ಟು ಸುಲಭವಲ್ಲ. ಇಲ್ಲಿ ಸತ್ತವನೊಬ್ಬನ ಜೊತೆ ಪೈಪೋಟಿ ಮಾಡಬೇಕು. ನಾನು ಗುರುಸಿದ್ದಯ್ಯ, ಹಾರ್ಮೋನಿಯಂ ಮೇಷ್ಟ್ರು. ಉಲ್ಲಾಳದಲ್ಲಿ ಬಾಡಿಗೆ ಮನೆ. ಕೆಂಗೇರಿಯಿಂದ ನಾಗರಬಾವಿಯವರೆಗೆ ಎಲ್ಲಿ ಹತ್ತು ಜನ ಸೇರಿ ನಾಟಕ ಆಡುತ್ತೇವೆಂದರೂ ನನ್ನ ಪೆಟ್ಟಿಗೆ ಅಲ್ಲಿಗೆ ಹೋಗುತ್ತದೆ. ಬೇರೆ ಕಡೆ ಚೆನ್ನಾಗಿ ಆಡಿದರೆ ಚೆನ್ನಾಗಿ ಆಡಿದರು ಅನ್ನುತ್ತಾರೆ. ಇಲ್ಲಿ ಮಾತ್ರ ಎಂಥ ನಾಟಕ ಕಟ್ಟಿಕೊಟ್ಟರೂ ಒಬ್ಬನಲ್ಲ ಒಬ್ಬ ಹಿರಿಯ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು, "ಚೆನ್ನಾಗಿತ್ತು ಮೇಷ್ಟ್ರೇ. ಆದ್ರೂ ಮರಿಯಪ್ಪ ರಾಯರಾಗಿದ್ದ ಕಾಲ ಮತ್ತೆ ಬರಲ್ಲ ಬಿಡಿ" ಅಂದೇ ತೀರುತ್ತಾನೆ.

ಈ ಮರಿಯಪ್ಪ ಮೂವತ್ತು ವರ್ಷದ ಹಿಂದೆ ವಿಜಯನಗರದ ರಾಯರ ಪಾರ್ಟು ಮಾಡಿದವನು. ಆಗ ಇಲ್ಲಿ ಲೇಔಟುಗಳಿರಲಿಲ್ಲ, ರಾಗಿ ಹೊಲ ಇತ್ತು. ಕೊನೆಯ ಸೀನಿನವರೆಗೂ ಎದೆ ತುಂಬಿ ಹಾಡಿ, ಮಂಗಳ ಹಾಡುವಾಗ ಸಿಂಹಾಸನಕ್ಕೆ ಒರಗಿದವನು ಹಾಗೇ ಹೋಗಿಬಿಟ್ಟನಂತೆ. ಊರವರು ಅದನ್ನು ಸಾವು ಅನ್ನುವುದಿಲ್ಲ. "ರಾಜನಾಗೇ ಹೋದ ಪುಣ್ಯಾತ್ಮ" ಅನ್ನುತ್ತಾರೆ. ಕೆರೆ ಏರಿ ಮೇಲೆ ಎರಡು ನಿಮಿಷ ನಿಂತರೆ ಸಾಕು, ಅವನು ಯಾವ ಪದ್ಯ ಯಾವ ರಾಗದಲ್ಲಿ ಹಾಡಿದ ಎಂದು ಯಾರಾದರೂ ಹೇಳಲು ಶುರು ಮಾಡುತ್ತಾರೆ. ಸತ್ತ ಎಮ್ಮೆಗೆ ಹಾಲು ಹೆಚ್ಚು. ನನಗೆ ಹೊಟ್ಟೆಕಿಚ್ಚು ಎಂದರೆ ಎನ್ನಿ, ಆ ಮಾತು ಕೇಳಿದಾಗೆಲ್ಲ ಮೈ ಉರಿಯುತ್ತಿತ್ತು.

ಆದ್ದರಿಂದ ಈ ವರ್ಷ ಮರಿಯಪ್ಪನ ಮಗ ಮಧುಕುಮಾರನೇ ಬಂದು, "ಮೇಷ್ಟ್ರೇ, ಅದೇ ನಾಟಕ ಆಡೋಣ. ರಾಯರ ಪಾರ್ಟು ನಾನು ಮಾಡ್ತೀನಿ" ಎಂದಾಗ ನಾನು ಎರಡನೇ ಮಾತಿಲ್ಲದೆ ಒಪ್ಪಿಕೊಂಡೆ. ಮಂತ್ರಿಯ ಪಾರ್ಟಿಗೆ ಬೇರೆ ಯಾರನ್ನೂ ಹುಡುಕುವ ಹಾಗಿರಲಿಲ್ಲ. ಮರಿಯಪ್ಪನ ತಮ್ಮ ನಂಜುಂಡಪ್ಪ ಇದ್ದರು. ಅಂದು ಅಣ್ಣನ ಎದುರಿಗೆ ಮಂತ್ರಿಯಾಗಿದ್ದವರು ಅವರೇ. ಈಗ ವಯಸ್ಸು ಎಪ್ಪತ್ತರ ಹತ್ತಿರ, ಕಂಠ ಮಾತ್ರ ಹಾಗೇ ಇದೆ. ಮಕ್ಕಳಿಲ್ಲದ ಮನುಷ್ಯ. ಅಣ್ಣ ಹೋದ ಮೇಲೆ ಮಧುವನ್ನು ಹೆಗಲ ಮೇಲೆ ಹೊತ್ತು ಸಾಕಿ, ಓದಿಸಿ, ಮದುವೆ ಮಾಡಿ, ಒಂದೇ ಕಾಂಪೌಂಡಿನಲ್ಲಿ ಇಟ್ಟುಕೊಂಡವರು.

ನಾಟಕದ ಕಥೆ ಇಷ್ಟು. ರಾಯರು ಮಂತ್ರಿಯನ್ನು ಅಪ್ಪಾಜಿ ಎಂದು ಕರೆಯುತ್ತಾರೆ, ಅಪ್ಪನಂತೆಯೇ ನಂಬುತ್ತಾರೆ. ರಾಯರ ಎಳೆಯ ಮಗ ವಿಷಪ್ರಾಶನದಿಂದ ಸಾಯುತ್ತಾನೆ. ಚಾಡಿಮಾತು ಕೇಳಿ ರಾಯರು ಅಪ್ಪಾಜಿಯನ್ನೇ ಸಂಶಯಿಸಿ, ತುಂಬಿದ ಸಭೆಯಲ್ಲಿ ವಿಚಾರಣೆ ಮಾಡಿ, ಕಣ್ಣು ಕೀಳಿಸುತ್ತಾರೆ. ಆಮೇಲೆ ಗೊತ್ತಾಗುತ್ತದೆ, ಮುದುಕ ನಿರಪರಾಧಿ ಎಂದು. ಮುತ್ತುರತ್ನ ಬೀದಿಯಲ್ಲಿ ಅಳೆದು ಮಾರುತ್ತಿದ್ದ ಚಿನ್ನದ ಕಾಲ ಎಂದು ನಾವು ಎದೆ ತಟ್ಟಿಕೊಳ್ಳುತ್ತೇವಲ್ಲ, ಆ ಕಾಲದ ನಡುಮಧ್ಯೆ ಈ ಸೀನು ಬರುತ್ತದೆ. ಜನ ಕಾಯುವುದೂ ಇದಕ್ಕೇ. ಇದರಲ್ಲಿ ಮಂತ್ರಿ ಸಿಂಧುಭೈರವಿ ರಾಗದಲ್ಲಿ ಹಾಡುವ "ನಿಷ್ಕಳಂಕನು ನಾನು ರಾಯಾ" ಎಂಬ ಪದ್ಯಕ್ಕೆ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ.

ಈ ಊರಿನ ತಂಡಕ್ಕೆ ಒಂದು ಕಟ್ಟಳೆ ಇದೆ. ಬೆಳಿಗ್ಗೆ ಕಿರೀಟಕ್ಕೂ ಪೆಟ್ಟಿಗೆಗೂ ಪೂಜೆ ಮಾಡಿ ಬಣ್ಣ ಹಚ್ಚಿಕೊಂಡ ಮೇಲೆ, ಮಂಗಳ ಆಗುವವರೆಗೆ ಯಾರೂ ರಂಗ ಬಿಟ್ಟು ಹೋಗುವಂತಿಲ್ಲ. ಒಬ್ಬರನ್ನೊಬ್ಬರು ಪಾತ್ರದ ಹೆಸರಿನಿಂದಲೇ ಕರೆಯಬೇಕು. ಬಣ್ಣ ಹಚ್ಚಿದ ಬಾಯಲ್ಲಿ ಸುಳ್ಳು ಹೇಳಬಾರದು. ನಾಟಕವೇ ಸುಳ್ಳು, ಅದರೊಳಗೆ ಇದೇನು ಮಡಿ ಎಂದು ನಾನು ಮೊದಮೊದಲು ನಕ್ಕಿದ್ದೆ. ಆದರೆ ದಿನಾ ಬೆಳಗಾದರೆ ಸೈಟಿನ ವ್ಯವಹಾರದಲ್ಲಿ ಹತ್ತು ಸುಳ್ಳು ಹೇಳುವವರು ಕೂಡ ಆ ಒಂದು ದಿನ ಹಲ್ಲು ಕಚ್ಚಿಕೊಂಡು ನಿಜ ಹೇಳುವುದನ್ನು ಕಣ್ಣಾರೆ ನೋಡಿದ್ದೇನೆ.

ಭಾನುವಾರ ಬೆಳಿಗ್ಗೆ ಕೆರೆ ಪಕ್ಕದ ಮೈದಾನದಲ್ಲಿ ನಾಟಕ ಶುರುವಾಯಿತು. ಶಾಮಿಯಾನ ತುಂಬಿ, ಹೊರಗೆ ಬೈಕುಗಳ ಮೇಲೂ ಜನ ಕೂತಿದ್ದರು. ಮುಂದಿನ ಸಾಲಿನಲ್ಲಿ ಮಧುವಿನ ತಾಯಿ ಚಿಕ್ಕಲಕ್ಷ್ಮಮ್ಮ, ಪಕ್ಕದಲ್ಲಿ ಸೊಸೆ ಲತಾ. ಮಧ್ಯಾಹ್ನದ ಹೊತ್ತಿಗೆ ನಾಟಕ ಒಳ್ಳೆಯ ಹದಕ್ಕೆ ಬಂದಿತ್ತು. ಈ ಸಲವಾದರೂ ಜನ ನನ್ನ ನಾಟಕ ಎನ್ನುತ್ತಾರೆ ಎಂದು ಮನಸ್ಸು ಒಳಗೊಳಗೇ ಕುಣಿಯುತ್ತಿತ್ತು.

ಊಟದ ನಂತರ ವಾರ್ಡಿನ ಮುಖಂಡರೊಬ್ಬರು ಸ್ಟೇಜ್ ಹತ್ತಿ ಮೈಕು ಹಿಡಿದರು. "ಬಂಧುಗಳೇ, ವಿಜಯನಗರದ ಸುವರ್ಣಯುಗ..." ಎಂದು ಶುರು ಮಾಡಿದವರು ಬೇಗ ಮುಗಿಸುವ ಲಕ್ಷಣ ಕಾಣಲಿಲ್ಲ. ಆಗ ಮೇಕಪ್ ಮಾಡುವ ಸೀನ ಬಗ್ಗಿಕೊಂಡು ಬಂದು ನನ್ನ ಪೆಟ್ಟಿಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಅವನ ಕೈಯಲ್ಲಿ ಮೀಸೆ ಅಂಟಿಸುವ ಗೋಂದಿನ ಬಾಟಲಿ ಹಾಗೇ ಇತ್ತು.

"ಮೇಷ್ಟ್ರೇ, ಒಳಗೆ ಏನೋ ಸರಿ ಇಲ್ಲ. ವಿಚಾರಣೆ ಸೀನಲ್ಲಿ ಮಧು ಅಣ್ಣ ಬೇರೇನೇ ಕೇಳ್ತಾನಂತೆ."

"ಬೇರೆ ಅಂದ್ರೆ?"

"ಅವರಪ್ಪ ಸತ್ತಿದ್ದು."

ನನಗೆ ಅರ್ಥವಾಗಲಿಲ್ಲ. ಸೀನ ಕಿವಿಗೆ ಬಾಯಿಟ್ಟು ಹೇಳಿದ. ಅಂದಿನ ನಾಟಕದಲ್ಲಿ ಭಟನಾಗಿದ್ದ ಮುದುಕನೊಬ್ಬ ಹೋದ ತಿಂಗಳು ಆಸ್ಪತ್ರೆಯಲ್ಲಿ ಮಲಗಿದ್ದಾಗ ಮಧುವನ್ನು ಕರೆಸಿಕೊಂಡನಂತೆ. ಅಂದು ಮರಿಯಪ್ಪ ಪರದೆಯ ಹಿಂದೆ ಎದೆ ಹಿಡಿದುಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದು ತಮ್ಮನನ್ನು ಬೇಡಿಕೊಂಡ, ತಮ್ಮ ಕೇಳಲಿಲ್ಲ ಎಂದು ಹೇಳಿ ಆ ಮುದುಕ ಕಣ್ಣು ಮುಚ್ಚಿದನಂತೆ. ಮಧು ಮನೆಗೆ ಬಂದು ಕೇಳಿದ್ದಕ್ಕೆ ನಂಜುಂಡಪ್ಪ "ಎಲ್ಲ ಸುಳ್ಳು" ಎಂದು ಎದ್ದು ಹೋದರಂತೆ. ಅಂದಿನಿಂದ ಒಂದೇ ಕಾಂಪೌಂಡಿನಲ್ಲಿ ಇಬ್ಬರಿಗೂ ಮಾತಿಲ್ಲ. ಪ್ರಾಕ್ಟೀಸಿನಲ್ಲಿ ಮಾತ್ರ ಒಬ್ಬ ಪ್ರಭು, ಒಬ್ಬರು ಅಪ್ಪಾಜಿ. ತಿಂಗಳಿನಿಂದ ಇಬ್ಬರ ಮಧ್ಯೆ ಕೂತು ಪೆಟ್ಟಿಗೆ ಬಾರಿಸಿದ ನನಗೇ ಇದು ಗೊತ್ತಾಗಿರಲಿಲ್ಲ. ಇಬ್ಬರೂ ಅಷ್ಟು ಚೆನ್ನಾಗಿ ಆಡುತ್ತಿದ್ದರು.

ಭಾಷಣ ಇನ್ನೂ ಕೃಷಿ, ಕೆರೆ, ಕಟ್ಟೆ ಎಂದು ಸಾಗುತ್ತಿತ್ತು. ನಾನು ಪೆಟ್ಟಿಗೆ ಬಿಟ್ಟು ಒಳಗೆ ಓಡಿದೆ.

ಮಧು ಕನ್ನಡಿಯ ಮುಂದೆ ಕಿರೀಟ ಹಾಕಿಕೊಂಡು ಕೂತಿದ್ದ. ಕಟ್ಟಳೆಯ ಪ್ರಕಾರ ಹೆಸರು ಹಿಡಿಯುವಂತಿಲ್ಲ. ಬೈಯಬೇಕು, ಅದೂ ಪ್ರಭು ಎಂದೇ ಬೈಯಬೇಕು.

"ಪ್ರಭು, ನಿನ್ನ ತಲೆ ನೆಟ್ಟಗಿದ್ಯಾ? ಮನೆ ಜಗಳ ಮನೇಲಿ ಇಟ್ಕೊ. ನಂದು ನಾಟಕ ಇದು."

ಅವನು ಕನ್ನಡಿಯಲ್ಲೇ ನನ್ನನ್ನು ನೋಡಿದ. "ಮನೇಲಿ ಕೇಳಾಯ್ತು ಮೇಷ್ಟ್ರೇ. ಇಲ್ಲಾದ್ರೆ ಸುಳ್ಳು ಹೇಳಕ್ಕಾಗಲ್ಲ."

"ನಿನ್ನ ಸಾಕಿದ ಮನುಷ್ಯ ಕಣಯ್ಯಾ. ಊರೆಲ್ಲ ಕೂತಿದೆ. ನಿಮ್ಮಮ್ಮ ಮುಂದೇನೇ ಕೂತವರೆ."

"ಗೊತ್ತು. ಅವತ್ತೂ ಕೂತಿದ್ರು." ಅವನು ತಿರುಗಿದ. ಬಣ್ಣದ ಕೆಳಗೆ ದವಡೆ ಬಿಗಿದಿತ್ತು. "ನಂಗೆ ಆಗ ಹತ್ತು ವರ್ಷ ಮೇಷ್ಟ್ರೇ. ಅಮ್ಮನ ತೊಡೆಗೆ ಒರಗಿ ಕೂತಿದ್ದೆ. ಅಪ್ಪ ಸಿಂಹಾಸನಕ್ಕೆ ಒರಗಿದ ತಕ್ಷಣ ಜನ ಎಲ್ಲ ಚಪ್ಪಾಳೆ ತಟ್ಟಿದ್ರು. ನಾನೂ ತಟ್ದೆ. ಅಮ್ಮನೂ ತಟ್ಟಿದ್ರು."

ಹೊರಗೆ ಕೇಳದಿರಲಿ ಎಂದು ನಾನು ಬಾಗಿಲ ಪರದೆ ಎಳೆದೆ.

"ಅಪ್ಪಾಜಿ ಅದು ಸುಳ್ಳು ಅಂದ್ರೆ ಅಲ್ಲೇ ಕಾಲಿಗೆ ಬೀಳ್ತೀನಿ. ಹೌದು ಅಂದ್ರೆ, ಇವತ್ತಿಂದ ಆ ಮನೆ ಹೊಸಿಲು ತುಳಿಯಲ್ಲ. ನಾನು ಸತ್ತೆ ಅಂದ್ಕೊಳ್ಲಿ." ಇಷ್ಟು ಹೇಳಿ ಮೀಸೆ ಒತ್ತಿಕೊಂಡ.

ಹೊರಗೆ ರಂಗದ ಪಕ್ಕದ ವಿಂಗಿನಲ್ಲಿ ನಂಜುಂಡಪ್ಪ ಒಬ್ಬರೇ ನಿಂತಿದ್ದರು. ಬಿಳಿ ಗಡ್ಡ, ಜರಿ ಪೇಟ, ಕೈ ಮುಗಿದುಕೊಂಡು ಬಾಯಲ್ಲಿ ಏನೋ ಗುನುಗುತ್ತಿದ್ದರು. ಹೋಗಿ ಹೇಳಿಬಿಡಲೇ ಎಂದು ಎರಡು ಹೆಜ್ಜೆ ಇಟ್ಟೆ. ಹೇಳಿದರೆ ಮನುಷ್ಯ ಕುಸಿದು ಕೂತಾರು, ಸೀನೇ ಹೋಗುತ್ತದೆ. ಹೇಳದಿದ್ದರೆ ನಡುನೀರಿನಲ್ಲಿ ಕೈಬಿಟ್ಟ ಹಾಗಾಗುತ್ತದೆ. ವಿಚಾರಣೆ ಸೀನನ್ನೇ ಹಾರಿಸೋಣವೆಂದರೆ ಜನ ಕುರ್ಚಿ ಮುರಿಯುತ್ತಾರೆ.

ಆಗ ನನಗೆ ಒಂದು ಉಪಾಯ ಹೊಳೆಯಿತು. ಮಧು ದಾರಿ ತಪ್ಪಿದ ಕೂಡಲೇ ನಾನು ಸಿಂಧುಭೈರವಿಯ ಶ್ರುತಿ ಹಿಡಿಯುತ್ತೇನೆ. ಶ್ರುತಿ ಕಿವಿಗೆ ಬಿದ್ದರೆ ನಂಜುಂಡಪ್ಪನ ಬಾಯಿಂದ ಪದ್ಯ ತಾನಾಗಿ ಬರುತ್ತದೆ. ಅವರು ಹಾಡಿದರೆ ಜನ ಒನ್ಸ್ ಮೋರ್ ಅನ್ನದೆ ಬಿಡುವುದಿಲ್ಲ. ಮಧುವಿನ ಪ್ರಶ್ನೆ ಆ ಗಲಾಟೆಯಲ್ಲಿ ಕೊಚ್ಚಿಕೊಂಡು ಹೋಗುತ್ತದೆ. ನಾಟಕವೂ ಉಳಿಯುತ್ತದೆ, ಮುದುಕರ ಮಾನವೂ ಉಳಿಯುತ್ತದೆ. ಅವರು ತಪ್ಪು ಮಾಡಿರಬಹುದು ಎಂದು ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಆ ಪದ್ಯವನ್ನು ಅವರ ಹಾಗೆ ಹಾಡಬೇಕಾದರೆ ಮನುಷ್ಯನ ಒಳಗೆ ಕೊಳೆ ಇರಲು ಸಾಧ್ಯವೇ ಇಲ್ಲ ಎಂದು ನಂಬಿದ್ದೆ. ತಬಲದವನಿಗೆ ಕಣ್ಸನ್ನೆ ಮಾಡಿ ಪೆಟ್ಟಿಗೆಯ ಮುಂದೆ ಕೂತೆ.

ಭಾಷಣ ಮುಗಿಯಿತು. ಪರದೆ ಎದ್ದಿತು. ಸಿಂಹಾಸನದ ಮೇಲೆ ರಾಯರು. ಭಟರು ಅಪ್ಪಾಜಿಯನ್ನು ಕೈಗೆ ಸಂಕೋಲೆ ಹಾಕಿ ತಂದು ನಿಲ್ಲಿಸಿದರು.

"ಅಪ್ಪಾಜಿ!" ಮಧು ಗುಡುಗಿದ. "ನಮ್ಮ ಕುಲದೀಪ ಆರಿದ ದಿನ ತಾವೆಲ್ಲಿದ್ದಿರಿ?"

"ಪ್ರಭುಗಳ ಸೇವೆಯಲ್ಲಿದ್ದೆ."

ಇಲ್ಲಿಯವರೆಗೆ ನಾನು ಕಲಿಸಿದ ಮಾತೇ. ಮುಂದಿನ ಮಾತಿಗೆ ಅವನು ಬಾಯಿ ತೆರೆಯುವಷ್ಟರಲ್ಲಿ ಸೈಡಿನಿಂದ ಮೂರು ಜನ ಹಾರ ಹಿಡಿದುಕೊಂಡು ಸ್ಟೇಜ್ ಹತ್ತಿದರು. ನಮ್ಮ ಕಡೆ ಹೀಗೇ. ಯುದ್ಧ ನಡೆಯುತ್ತಿರಲಿ, ಹೆಣ ಬಿದ್ದಿರಲಿ, ನೆಂಟರಿಗೆ ಹಾರ ಹಾಕಬೇಕೆನಿಸಿದರೆ ನಾಟಕ ನಿಲ್ಲಬೇಕು. "ರಾಯರ ಪಾತ್ರಧಾರಿಗೆ ಅವರ ಸೋದರಮಾವನವರಿಂದ ಹಾರ, ಶಾಲು" ಎಂದು ಮೈಕು ಕೂಗಿತು. ಆಮೇಲೆ ಆ ಮೂವರೇ ಸಂಕೋಲೆಯಲ್ಲಿದ್ದ ಮಂತ್ರಿಗೂ ಹಾರ ಹಾಕಿ, ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ಫೋಟೋ ತೆಗೆಸಿಕೊಂಡರು. "ಮಧು, ಸ್ವಲ್ಪ ಚಿಕ್ಕಪ್ಪನ ಕಡೆ ತಿರುಗು" ಎಂದ ಒಬ್ಬ. ಮಧು ತಿರುಗಲಿಲ್ಲ. ನಂಜುಂಡಪ್ಪ ತಿರುಗಿ ಅವನ ಮುಖ ನೋಡಿದರು. ಬಹುಶಃ ಆಗಲೇ ಅವರಿಗೆ ಏನೋ ತಿಳಿಯಿತು. ಹಾರದವರು ಇಳಿದು ಹೋದ ಮೇಲೆ ಅವರು ತಮ್ಮ ಕೊರಳಿನ ಹಾರ ತೆಗೆದು ನೆಲಕ್ಕಿಟ್ಟರು. ಅದು ನಾಟಕದಲ್ಲಿರಲಿಲ್ಲ.

"ಅಪ್ಪಾಜಿ," ಮಧುವಿನ ದನಿ ಇಳಿದಿತ್ತು. ಎದೆಗೆ ಸಿಕ್ಕಿಸಿದ ಮೈಕಿನಿಂದಾಗಿ ಅವನ ಉಸಿರು ಕೂಡ ಕೇಳುತ್ತಿತ್ತು. "ಇನ್ನೊಂದು ಪ್ರಶ್ನೆ ಇದೆ. ಇದೇ ಊರಿನಲ್ಲಿ, ಇದೇ ನಾಟಕದಲ್ಲಿ, ನನಗಿಂತ ಮೊದಲು ಒಬ್ಬ ರಾಯರಿದ್ದರು. ಪರದೆಯ ಹಿಂದೆ ಅವರು ತಮ್ಮ ಕೈ ಹಿಡಿದು ಏನು ಹೇಳಿದರು?"

ನಾನು ಶ್ರುತಿ ಹಿಡಿದೆ. ಸಿಂಧುಭೈರವಿ ಮೈದಾನದ ತುಂಬ ಹರಡಿತು. ಹಿಂದಿನ ಸಾಲಿನಿಂದ ಯಾರೋ ಶಿಳ್ಳೆ ಹಾಕಿದರು. ಪದ್ಯ ಬಂತು ಎಂದು ಹೆಂಗಸರು ಸರಿಯಾಗಿ ಕೂತರು. ನಂಜುಂಡಪ್ಪನ ಬಾಯಿ ತೆರೆಯಿತು. ನನಗೆ ಜೀವ ಬಂದಂತಾಯಿತು. ಆದರೆ ಹಾಡು ಬರಲಿಲ್ಲ.

ಮತ್ತೊಂದು ಸುತ್ತು ಬಾರಿಸಿದೆ. ಹಾಡಿ ಅಪ್ಪಾಜಿ, ಹಾಡಿ ಎಂದು ಹಲ್ಲು ಕಡಿದುಕೊಂಡು ಹೇಳಿದೆ. ಅವರು ನನ್ನ ಕಡೆ ನೋಡಿದರು. ಇಷ್ಟು ವರ್ಷದಲ್ಲಿ ಅವರು ಶ್ರುತಿ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ.

ಮಧು ಸಿಂಹಾಸನದಿಂದ ಇಳಿದು ಬಂದ. ಅರಮನೆ ಭಾಷೆ ಅವನ ಬಾಯಿಂದ ಜಾರಿಹೋಗಿತ್ತು. "ಎದೆ ನೋವು ಅಂತ ಹೇಳಿದ್ರಾ, ಇಲ್ವಾ? ಅಷ್ಟೇ ಹೇಳು."

ಇದು ನಾಟಕದ ಮಾತಲ್ಲ ಎಂದು ಆಗ ಜನಕ್ಕೆ ಗೊತ್ತಾಯಿತು. ಶಾಮಿಯಾನದಲ್ಲಿ ಮಕ್ಕಳ ಸದ್ದೂ ನಿಂತಿತು. ನನ್ನ ಪೆಟ್ಟಿಗೆ ಒಂದೇ ಕೂಗುತ್ತಿತ್ತು. ನಿಲ್ಲಿಸಲು ನನಗೆ ಧೈರ್ಯ ಸಾಲಲಿಲ್ಲ. ಅದು ನಿಂತರೆ ಅವರಿಗೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲವಾಗುತ್ತದೆ ಎಂದುಕೊಂಡೆ. ಆ ದಾರಿ ಅವರಿಗೆ ಬೇಕಾಗಿರಲಿಲ್ಲ.

"ಹೇಳ್ದ," ಎಂದರು ನಂಜುಂಡಪ್ಪ. "ಎದೆ ಹಿಡ್ಕೊಂಡು ಹೇಳ್ದ. ನಂಜುಂಡ, ಆಗ್ತಿಲ್ಲ ಕಣೋ, ಆಸ್ಪತ್ರೆಗೆ ಕರ್ಕೊಂಡು ಹೋಗು ಅಂದ. ಈಚೆ ಜನ ಒನ್ಸ್ ಮೋರ್ ಅಂತ ಕೂಗ್ತಿದ್ರು. ಬಣ್ಣ ಹಚ್ಚಿದ ಮೇಲೆ ಇಳಿಯೋ ಹಂಗಿಲ್ಲ ಅಣ್ಣ, ಇನ್ನೆರಡು ಸೀನು, ತಡ್ಕೊ ಅಂದೆ. ಬರಲ್ಲ ಅಂದ. ಬೆನ್ನಿಗೆ ಕೈ ಕೊಟ್ಟು ನಾನೇ ತಳ್ದೆ."

ಯಾರೋ ಹೆಂಗಸು "ಅಯ್ಯೋ" ಎಂದಳು.

"ಅಂಥ ನಾಟಕ ಮತ್ತೆ ಆಗಲ್ಲ ಅನ್ನಿಸ್ತು ಕಣಪ್ಪಾ ನಂಗೆ. ಅಷ್ಟು ಚೆನ್ನಾಗಿ ಹಾಡ್ತಾ ಇದ್ದ. ನಿಲ್ಸಕ್ಕೆ ಮನಸ್ಸು ಬರ್ಲಿಲ್ಲ." ಮುದುಕರು ಮೊಣಕಾಲೂರಿ ಕೂತರು. ಸಂಕೋಲೆಯ ಕೈ ನೆಲಕ್ಕೆ ಬಡಿಯಿತು. "ನಿಂಗೆ ಸುಳ್ಳು ಹೇಳ್ದೆ. ನಿಮ್ಮಮ್ಮಂಗೂ ಹೇಳ್ದೆ. ಈಗ ಸೀನು ಮುಗಿಸು. ಕರೆಸು ಭಟರನ್ನ, ನನ್ನ ಕಣ್ಣು ಕೀಳ್ಸು."

ಸೀನಿನ ಪ್ರಕಾರ ಭಟರು ಕೆಂಪು ಬಣ್ಣ ಬಳಿದ ಸಲಾಕೆ ಹಿಡಿದು ಬರಬೇಕು. ಅವರೂ ಬಂದುಬಿಟ್ಟರು. ಬಂದವರು ಏನು ಮಾಡಬೇಕೆಂದು ತಿಳಿಯದೆ ನನ್ನನ್ನು ನೋಡುತ್ತ ನಿಂತರು. ಮಧು ಆ ಸಲಾಕೆ ನೋಡಿದ. ಮುದುಕರ ತಲೆ ನೋಡಿದ. ಹೌದು ಅಂದರೆ ಹೊಸಿಲು ತುಳಿಯಲ್ಲ ಎಂದಿದ್ದವನು ಈಗ ಇಳಿದು ಜನರ ಮಧ್ಯದಿಂದ ಹೊರಟುಹೋಗುತ್ತಾನೆ ಎಂದು ನಾನು ಕಾದೆ.

"ನಾಟಕ ನಿಲ್ಸಿ ಮೇಷ್ಟ್ರೇ," ಎಂದ.

ನನ್ನ ಕೈ ನಿಲ್ಲಲಿಲ್ಲ. ಇಪ್ಪತ್ತೈದು ವರ್ಷದ ಅಭ್ಯಾಸ. ಮಳೆ ಬಂದಿದೆ, ಕರೆಂಟು ಹೋಗಿದೆ, ಪೆಂಡಾಲ್ ಕುಸಿದಿದೆ, ನಾನು ನಾಟಕ ನಿಲ್ಲಿಸಿದವನಲ್ಲ. ಅಷ್ಟರಲ್ಲಿ ಹಿರಿಯರೊಬ್ಬರು ಕುರ್ಚಿ ಬಿಟ್ಟೆದ್ದು ಕೂಗಿದರು. "ಏಯ್, ಬಣ್ಣ ಹಚ್ಚಿದ ಮೇಲೆ ಮಧ್ಯದಲ್ಲಿ ನಿಲ್ಸ್ತಾರೇನ್ರೋ? ಊರಿಗೆ ಒಳ್ಳೇದಾಗಲ್ಲ! ಮರಿಯಪ್ಪ ಜೀವ ಹೋಗೋವಾಗ್ಲೂ ನಿಲ್ಸ್ಲಿಲ್ಲ. ಅದಕ್ಕೇ ಅದು ನಾಟಕ!" ಅವರ ಹಿಂದೆ ಇನ್ನೂ ಕೆಲವರು ಹೌದು ಹೌದು ಎಂದರು.

ಚಿಕ್ಕಲಕ್ಷ್ಮಮ್ಮ ಎದ್ದು ನಿಂತರು. ಲತಾ ಕೈ ಹಿಡಿದಳು, ಬಿಡಿಸಿಕೊಂಡರು. ಆ ಹೆಂಗಸು ಜೋರಾಗಿ ಮಾತಾಡಿದ್ದನ್ನು ಊರಿನಲ್ಲಿ ಯಾರೂ ಕೇಳಿರಲಿಲ್ಲ.

"ನಿಲ್ಸಿದ್ರೆ ನನ್ನ ಗಂಡ ಮನೆಗೆ ಬರ್ತಿದ್ದ ಕಣ್ರಯ್ಯಾ!"

ಕೂಗಿದವರು ಕೂತರು.

"ಮೂವತ್ತು ವರ್ಷ ಆಯ್ತು, ಸಿಕ್ಕಿದಾಗೆಲ್ಲ ರಾಜನ ಹೆಂಡ್ತಿ, ಪುಣ್ಯವಂತೆ ಅಂತೀರಿ. ನಾನೂ ಹೂಂ ಅಂತ ತಲೆ ಆಡ್ಸ್ದೆ. ಯಾರಿಗ್ರಪ್ಪಾ ಬೇಕಿತ್ತು ರಾಜ? ನಂಗೆ ಮರಿಯಪ್ಪ ಬೇಕಿತ್ತು." ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಇಳ್ಸಿ ಮೇಷ್ಟ್ರೇ ಪರದೆ. ಸಾಕು."

ನಾನು ಪೆಟ್ಟಿಗೆಯಿಂದ ಕೈ ತೆಗೆದೆ. ಗಂಟೆ ಹೊಡೆದೆ. ಪರದೆ ಇಳಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಎದ್ದು ಹೋಗಲೂ ಇಲ್ಲ. ನನ್ನ ನಾಟಕ ಕೆಟ್ಟಿತು ಎಂದು ಆ ಹೊತ್ತಿನಲ್ಲಿ ನನಗೆ ಅನ್ನಿಸಲೇ ಇಲ್ಲ ಎಂದರೆ ನೀವು ನಂಬಬೇಕು.

ಒಳಗೆ ಹೋದೆ. ಭಟರು ಸಲಾಕೆ ಹಿಡಿದುಕೊಂಡೇ ಮೂಲೆ ಸೇರಿದ್ದರು. ನಂಜುಂಡಪ್ಪ ಇನ್ನೂ ಮೊಣಕಾಲ ಮೇಲೇ ಇದ್ದರು. ಏಳಲು ಒಮ್ಮೆ ನೋಡಿದರು, ಜರಿ ನಿಲುವಂಗಿಯ ಭಾರಕ್ಕೋ ಮಂಡಿ ನೋವಿಗೋ ಏಳಲಾಗಲಿಲ್ಲ. ಸೀನ ಮುಂದೆ ಹೋಗಲು ನೋಡಿದ, ನಾನು ಅವನ ತೋಳು ಹಿಡಿದೆ. ಮಧು ನಾಲ್ಕು ಹೆಜ್ಜೆ ಆಚೆ ಬೆನ್ನು ತಿರುಗಿಸಿ ನಿಂತಿದ್ದ. ಅವನ ಭುಜ ಅಲುಗುತ್ತಿತ್ತು. ಮುದುಕರು ಎರಡನೇ ಸಲ ಏಳಹೋಗಿ ಮತ್ತೆ ಕುಸಿದ ಸದ್ದು ಅವನಿಗೆ ಕೇಳಿತು. ಹಿಂದಕ್ಕೆ ಬಂದ. ಚಿಕ್ಕಪ್ಪ ಎನ್ನಲಿಲ್ಲ. ಮುಖ ಮಾತ್ರ ಆ ಕಡೆಗೇ ತಿರುಗಿಸಿಕೊಂಡು ಕೈ ಕೊಟ್ಟ. ನಂಜುಂಡಪ್ಪ ಆ ಕೈ ಹಿಡಿದು ಎದ್ದರು.